ಪೀಪಿ ತಾತ

ಸರ್ಕಾರಿ ನೌಕರಿಯಿಂದ 60ಕ್ಕೆ ನಿವೃತ್ತರಾಗಿ ಮನೆಗೆ ಬಂದವರು ಮೊದಲ ವರ್ಷ ಪಿಂಚಣಿ ಕಡತದ ಬೆನ್ನು ಹತ್ತುತ್ತಾರೆ, ಎರಡನೇ ವರ್ಷ ಶುಗರ್ರು ಅವರ ಬೆನ್ನು ಹತ್ತುತ್ತದೆ. ಮೂರನೇ ವರ್ಷಕ್ಕೆ ಅವರ ಕಣ್ಣು ಬಡಾವಣೆಯ ಮೇಲೆ ಬೀಳುತ್ತದೆ. ಹಸಿ ಕಸ, ಒಣ ಕಸ, ಬೀದಿನಾಯಿ, ಪಾರ್ಕಿನ ಗೇಟಿನ ಬೀಗದ ಕೈ ಯಾರ ಹತ್ತಿರ ಇರಬೇಕು ಎನ್ನುವುದು, ಹೀಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ನಿಮ್ಮ ಬಡಾವಣೆಯಲ್ಲೂ ಇಂಥವರೊಬ್ಬರು ಇರಬೇಕು. ಇಲ್ಲವಾದರೆ ಯಾರೋ ಇನ್ನೂ ರಿಟೈರ್ ಆಗಿಲ್ಲ ಎಂದರ್ಥ. ಮೈಸೂರಿನ ನಮ್ಮ ಹಳೇ ಬಡಾವಣೆಯ ಇಂಜಿನಿಯರ್ ರಾಯರ ಕೈಗೆ ಸಿಕ್ಕಿದ್ದು ಸ್ಕೂಲಿಗೆ ಹೋಗುವ ಮಕ್ಕಳು.

ಬೆಳಿಗ್ಗೆ ಎಂಟು ಹತ್ತಕ್ಕೆ ಹಾಲಿನ ಬೂತಿನ ಹತ್ತಿರ ನಿಂತರೆ ರಾಯರು ಕಾಣುತ್ತಾರೆ. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಮಿಂಚುವ ಹಸಿರು ಜಾಕೀಟು, ಬಿಳೀ ಕ್ಯಾನ್ವಾಸ್ ಶೂ, ತಲೆಗೆ ಮಂಕಿ ಕ್ಯಾಪು. ಆಫೀಸಿನ ಐಡಿ ಕಾರ್ಡ್ ತೂಗುತ್ತಿದ್ದ ದಾರದಲ್ಲೇ ಈಗ ಒಂದು ಪೀಪಿ. ಬಲಗೈಯಲ್ಲಿ ‘ಸ್ಟಾಪ್’ ಎಂದು ಇಂಗ್ಲಿಷಿನಲ್ಲಿ ಬರೆದ ಕೆಂಪು ಹಲಗೆ. ಹಿಂದೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಹಿಡಿದುಕೊಂಡ ಹನ್ನೊಂದು ಮಕ್ಕಳು. ಎಲ್ಲರಿಗಿಂತ ಹಿಂದೆ ಐದನೇ ಕ್ಲಾಸಿನ ಒಬ್ಬಳು ಹುಡುಗಿ, ಕಂಡಕ್ಟರು. ಅವಳು ‘ರೈಟ್ ರೈಟ್’ ಅಂದ ಮೇಲೇ ರಾಯರು ಹೆಜ್ಜೆ ಎತ್ತುವುದು. ಇದರ ಹೆಸರು ನಡೆಯೋ ಬಸ್ಸು. ರಾಯರಿಗೆ ಮಕ್ಕಳಿಟ್ಟ ಹೆಸರು ಪೀಪಿ ತಾತ.

ಅವರಿಗೆ ಜ್ಞಾನೋದಯವಾದದ್ದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಮಗನ ಮನೆಯಲ್ಲಿ ಆರು ತಿಂಗಳು. ಮೂರನೇ ವಾರಕ್ಕೆ ತಂದಿದ್ದ ಚಟ್ನಿಪುಡಿಯೂ ಮುಗಿಯಿತು, ಮಾತೂ ಮುಗಿಯಿತು. ಮೊಮ್ಮಗಳನ್ನು ಸ್ಕೂಲಿನವರೆಗೆ ನಡೆಸಿಕೊಂಡು ಹೋಗುವುದೊಂದೇ ಕೆಲಸ. ಅಲ್ಲಿ ಮೂಲೆಯಲ್ಲಿ ರಾಯರ ವಯಸ್ಸಿನ ಮುದುಕನೊಬ್ಬ ಜಾಕೀಟು ತೊಟ್ಟು ನಿಂತಿರುತ್ತಿದ್ದ. ಮಕ್ಕಳು ಬಂದ ತಕ್ಷಣ ರಸ್ತೆಗಿಳಿದು ಹಲಗೆ ಎತ್ತುತ್ತಿದ್ದ. ನಮ್ಮ ಸಿಟಿ ಬಸ್ಸಿಗಿಂತ ಉದ್ದದ ಲಾರಿ ಗಕ್ಕನೆ ನಿಲ್ಲುತ್ತಿತ್ತು. ನಿಂತಿದ್ದಲ್ಲದೆ ಡ್ರೈವರು ಕೈ ಬೀಸಿ ನಗುತ್ತಿದ್ದ. ಮೂವತ್ತು ಚಿಲ್ಲರೆ ವರ್ಷದ ಸರ್ವೀಸಿನಲ್ಲಿ ರಾಯರು ಎಷ್ಟೋ ಕಳಪೆ ಕಾಮಗಾರಿಗೆ ಕೈ ಅಡ್ಡ ಹಿಡಿದಿದ್ದರು. ಒಬ್ಬ ಕಂಟ್ರಾಕ್ಟರನೂ ನಿಂತಿರಲಿಲ್ಲ. ಅಧಿಕಾರವೆಂದರೆ ಇದು ಅನ್ನಿಸಿಬಿಟ್ಟಿತು. ವಾಪಸು ಬರುವಾಗ ಸೂಟ್‌ಕೇಸಿನಲ್ಲಿ ಹಲಗೆಯೂ ಜಾಕೀಟೂ ಬಂದವು. “ಕಾಸ್ಟ್ಕೋ ಬಾದಾಮಿ ತರ್ತೀನಿ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿದ್ದೆ, ಇವ್ರು ಆ ಜಾಗದಲ್ಲಿ ಹಲಗೆ ಇಟ್ರು” ಎಂದು ಅವರ ಮನೆಯಾಕೆ ಈಗಲೂ ಹೇಳುತ್ತಾರೆ.

ಬಂದವರೇ ಭಾನುವಾರ ಗಣಪತಿ ದೇವಸ್ಥಾನದ ಹಿಂದಿನ ಹಾಲಿನಲ್ಲಿ ಪೋಷಕರ ಸಭೆ ಕರೆದರು. ಉಪ್ಪಿಟ್ಟು, ಕೇಸರಿಬಾತು ಇತ್ತು, ಹಾಗಾಗಿ ಜನ ಬಂದಿದ್ದರು. ಡೆನ್ಮಾರ್ಕಿನ ಓಡೆನ್ಸ್ ಊರಿನಲ್ಲಿ 1970ರ ದಶಕದಲ್ಲೇ ಸ್ಕೂಲಿನ ದಾರಿಗಳನ್ನು ಮಕ್ಕಳಿಗೆ ಸುರಕ್ಷಿತ ಮಾಡಿದ್ದು, ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ 1998ರಲ್ಲಿ ನಡೆಯೋ ಬಸ್ಸು ಹೊರಟಿದ್ದು, 2005ರಲ್ಲಿ ಅಮೆರಿಕದ ಸರ್ಕಾರವೇ ಈ ಕೆಲಸಕ್ಕೆ ದುಡ್ಡು ಕೊಟ್ಟಿದ್ದು, ಎಲ್ಲವನ್ನೂ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಶುರುವಾಯಿತು ನೋಡಿ, ‘ನಮ್ಮ ಕಾಲ’.

ಒಬ್ಬರು ತಾವು ಮೂರು ಮೈಲಿ ನಡೆದು ಸ್ಕೂಲಿಗೆ ಹೋಗುತ್ತಿದ್ದೆವು ಎಂದರು. ಇನ್ನೊಬ್ಬರು ಐದು ಮೈಲಿ, ನಡುವೆ ಹಳ್ಳ ಎಂದರು. ಮೂರನೆಯವರ ಹಳ್ಳದಲ್ಲಿ ನೀರೂ ಇತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ. ಕೊನೆಗೆ ಮಾತಾಡಿದವರದು ಹುಲಿ ಓಡಾಡುವ ಕಾಡು. ಈ ಮಹಾನುಭಾವರೆಲ್ಲ ಒಂಬೈನೂರು ಮೀಟರ್ ದೂರದ ಸ್ಕೂಲಿಗೆ ಮಕ್ಕಳನ್ನು ಕಾರಿನಲ್ಲಿ ಬಿಟ್ಟುಬರುವವರು. ಸಭೆಗೂ ಕಾರಿನಲ್ಲೇ ಬಂದಿದ್ದರು, ದೇವಸ್ಥಾನದ ರಥಕ್ಕೆ ಜಾಗ ಇಲ್ಲದ ಹಾಗೆ ನಿಲ್ಲಿಸಿದ್ದರು.

“ಕಳಿಸಬೇಕು ಅಂತ ನಂಗೂ ಆಸೆ ಅಂಕಲ್. ಆದ್ರೆ ಸ್ಕೂಲ್ ಗೇಟ್ ಹತ್ರ ಆ ಕಾರುಗಳ ಹಾವಳಿ ನೋಡಿದ್ರೆ ಎದೆ ಝಲ್ಲನ್ನುತ್ತೆ” ಎಂದರು ಒಬ್ಬ ತಾಯಿ.

“ಅಲ್ಲಿ ಬರೋ ಕಾರು ಯಾರ್ದಮ್ಮ?”

“ಬೇರೆ ಪೇರೆಂಟ್ಸ್‌ದು.”

ರಾಯರು ಬಿಡಲಿಲ್ಲ. ಇಂಜಿನಿಯರ್ ಅಲ್ಲವೇ, ಬೋರ್ಡಿನ ಮೇಲೆ ಲೆಕ್ಕ ಹಾಕಿದರು. “ಇಲ್ಲಿ ನಲವತ್ತು ಮನೆ ಇದೆ. ಪ್ರತಿಯೊಬ್ಬರೂ ಉಳಿದ ಮೂವತ್ತೊಂಬತ್ತು ಕಾರಿಗೆ ಹೆದರಿ ನಲವತ್ತನೇದನ್ನ ಆಚೆ ತೆಗೀತಿದ್ದೀರಿ.” ಲೆಕ್ಕ ಸರಿ ಇದೆ ಎಂದು ಎಲ್ಲರೂ ಒಪ್ಪಿದರು. ಮಿಕ್ಕ ಮೂವತ್ತೊಂಬತ್ತು ಮನೆಯವರು ನಿಲ್ಲಿಸಿದರೆ ತಾವೂ ನಿಲ್ಲಿಸುವುದಾಗಿ ನಲವತ್ತು ಮನೆಯವರೂ ಮಾತು ಕೊಟ್ಟು ಕಾರು ಹತ್ತಿದರು.

ಮಾರನೇ ದಿನ ರಾಯರು ಟೇಪು ಹಿಡಿದು ಫುಟ್‌ಪಾತ್ ಅಳೆಯಲು ಹೊರಟರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಅವರಿಗೆ ಬಾಯಿಪಾಠ. ಪಾದಚಾರಿಗೆ ಅಡ್ಡಿಯಿಲ್ಲದೆ ಕನಿಷ್ಠ 1.8 ಮೀಟರ್ ಅಗಲ ಸಿಗಬೇಕು, ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು. ನಮ್ಮಲ್ಲಿ ಅಂಚಿನ ಕಲ್ಲು ಹತ್ತಲು ಮಕ್ಕಳಿಗೆ ಏಣಿ ಬೇಕು. ಹತ್ತಿದ ಮೇಲೆ ಒಂದು ಮನೆಯವರ ಕಾರಿನ ಇಳಿಜಾರು, ಮುಂದಿನವರ ಸಂಪಿನ ಮುಚ್ಚಳ, ಆಮೇಲೆ ಟ್ರಾನ್ಸ್‌ಫಾರ್ಮರು, ಅದನ್ನು ದಾಟಿದರೆ ಕಬ್ಬಿಣದ ಗ್ರಿಲ್ಲು ಹಾಕಿಸಿ ಬೆಳೆಸಿದ ಕೈತೋಟ. ರಾಯರು ಮನೆ ಮನೆಯ ಮುಂದೆ ಅಳೆದು ನೋಟ್‌ಬುಕ್ಕಿನಲ್ಲಿ ‘ಒತ್ತುವರಿ’ ಎಂದು ಬರೆದುಕೊಂಡು ಬಂದರು. ಒಂದು ಮನೆಯ ಮುಂದೆ ಮಾತ್ರ ಟೇಪು ಸುರುಳಿ ಸುತ್ತಿ ಜೇಬಿಗೆ ಸೇರಿತು.

“ಅಳೀರಿ, ನಮ್ಮನೇದೂ ಅಳೀರಿ” ಎಂದು ದಾಸವಾಳದ ಗಿಡದ ಹಿಂದಿನಿಂದ ಮನೆಯಾಕೆಯ ದನಿ ಬಂತು. “ಗ್ರಿಲ್ ಹಾಕ್ಸಿದ್ದು ನಾನಲ್ಲ, ನಿಮ್ಮ ಕಂಟ್ರಾಕ್ಟರು. ಫ್ರೀಯಾಗಿ.”

ಅಂದು ಸಂಜೆಯೇ ಹೊಸ ಮಾರ್ಗ ಮಂಜೂರಾಯಿತು. ಫುಟ್‌ಪಾತ್ ಬೇಡ, ಕನ್ಸರ್ವೆನ್ಸಿಯಲ್ಲಿ ಹೋಗೋಣ. ಹಳೇ ಮೈಸೂರು ಗೊತ್ತಿರುವವರಿಗೆ ಕನ್ಸರ್ವೆನ್ಸಿ ಗೊತ್ತು. 1903ರಲ್ಲಿ ನಗರ ಸುಧಾರಣೆಗೆಂದೇ ಮಂಡಳಿಯೊಂದನ್ನು ಮಾಡಿಕೊಂಡ ಊರು ಇದು. ಆ ಕಾಲದ ಬಡಾವಣೆಗಳಲ್ಲಿ ಮನೆಗಳ ಹಿತ್ತಿಲಿಗೆ ಹಿತ್ತಿಲು ಬೆನ್ನು ಕೊಡುವ ಕಡೆ ಗಲ್ಲಿ ಬಿಟ್ಟಿದ್ದಾರೆ. ಕಾರು ನುಗ್ಗುವುದಿಲ್ಲ. ಪಾಯಿಖಾನೆ ಬಾಚುವವರಿಗೆಂದು ಬಿಟ್ಟ ದಾರಿ ಎಂದು ಅಜ್ಜಿಯರು ಮೂಗು ಮುರಿದರು, “ಛೀ, ಕನ್ಸರ್ವೆನ್ಸೀಲಾ?” ಎಂದರು. ರಾಯರು ಪೌರಕಾರ್ಮಿಕರ ಜೊತೆ ನಿಂತು ಗಲ್ಲಿ ಗುಡಿಸಿಸಿದರು, ಅಗತ್ಯವಿಲ್ಲದಿದ್ದರೂ ಎರಡೂ ಕಡೆ ಸುಣ್ಣದ ಗೆರೆ ಎಳೆಸಿದರು. ನನ್ನ ಅಭಿಪ್ರಾಯ ಕೇಳಿದರೆ, ಅವರು ಇಡೀ ಸರ್ವೀಸಿನಲ್ಲಿ ಮಾಡಿದ ಅತ್ಯುತ್ತಮ ರಸ್ತೆ ಕಾಮಗಾರಿ ಇದು. ಟೆಂಡರೂ ಇಲ್ಲ, ಬಿಲ್ಲೂ ಇಲ್ಲ.

ಉಳಿದದ್ದು ಒಂದೇ ಒಂದು ಮೇನ್ ರೋಡು ದಾಟುವುದು. ಜೀಬ್ರಾ ಪಟ್ಟೆ ಇದೆ, ಅದರ ಮೇಲೆ ಸ್ಕೂಟರುಗಳು ನಿಂತಿರುತ್ತವೆ. ಮೊದಲ ದಿನ ರಾಯರು ಅಮೆರಿಕದ ಮುದುಕನನ್ನು ಮನಸ್ಸಿನಲ್ಲೇ ನೆನೆದು, ಪೀಪಿ ಊದಿ, ಹಲಗೆ ಎತ್ತಿದರು. ಯಾರೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಬ್ಯಾಗು ಹಿಡಿದ ಒಬ್ಬರು ಬಂದು ಪಕ್ಕದಲ್ಲಿ ನಿಂತರು. ಆಮೇಲೆ ಇಬ್ಬರು ಹೆಂಗಸರು. ರಾಯರಿಗೆ ಖುಷಿಯಾಯಿತು, ಸ್ವಯಂಸೇವಕರು ಸೇರುತ್ತಿದ್ದಾರೆ ಎಂದುಕೊಂಡರು.

“ಸಾರ್, ಇಲ್ಲಿ ಯಾವಾಗ ಸ್ಟಾಪ್ ಮಾಡಿದ್ರು? ಸಬರ್ಬನ್ ಬಸ್‌ಸ್ಟ್ಯಾಂಡಿಂದು ನಿಲ್ಲುತ್ತಾ?”

ಮಕ್ಕಳನ್ನು ಅಂದು ದಾಟಿಸಿದ್ದು ಸೊಪ್ಪು ಮಾರುವ ಮುದುಕಿ. ಮಂಕರಿ ತಲೆಯ ಮೇಲಿತ್ತು. ಒಂದು ಕೈ ಮಂಕರಿಗೆ, ಇನ್ನೊಂದು ಕೈ ಅಡ್ಡಕ್ಕೆ. ಬರುತ್ತಿದ್ದ ಕಾರಿನವನ ಮುಖವನ್ನೇ ನೋಡುತ್ತ ಒಂದೇ ಸಮ ನಡೆದಳು. ಕಾರು ನಿಂತಿತು, ಅದರ ಹಿಂದಿನ ಟೆಂಪೋ ನಿಂತಿತು. ಮಕ್ಕಳು ಹಗ್ಗದ ಸಮೇತ ಅವಳ ಬೆನ್ನಿಗೇ ದಾಟಿಕೊಂಡವು. ಸಾವಿರದೆಂಟು ನಿಯಮ ಬಲ್ಲ ರಾಯರು ಈಚೆ ಬದಿಯಲ್ಲೇ ಹಲಗೆ ಹಿಡಿದು ಉಳಿದುಬಿಟ್ಟರು.

“ನೀವೇ ನಿಂತ್ಕಂಡ್ರೆ ಅವ್ನ್ಯಾಕ್ ನಿಂತಾನು ಬುದ್ದಿ?” ಎಂದಳು ಅವಳು, ವಾಪಸು ಬಂದು ಅವರನ್ನೂ ದಾಟಿಸುತ್ತಾ. “ಅವ್ನ ಮಖ ನೋಡಿ, ಕೈ ಅಡ್ಡ ಮಾಡಿ, ನಡೀರಿ. ಓಡ್ಬ್ಯಾಡಿ. ಓಡುದ್ರೆ ಅವ್ನೂ ಓಡುಸ್ತಾನೆ.”

ಈ ಮಾತನ್ನು ರಾಯರು ಅದೇ ದಿನ ‘ಸ್ಥಾಯಿ ಆದೇಶ ಸಂಖ್ಯೆ 1’ ಎಂದು ಟೈಪು ಮಾಡಿಸಿದರು. ಒಂದು: ಚಾಲಕನ ಕಣ್ಣಲ್ಲಿ ಕಣ್ಣಿಡುವುದು. ಎರಡು: ಗುಂಪಾಗಿ ದಾಟುವುದು. ಮೂರು: ಓಡತಕ್ಕದ್ದಲ್ಲ. ಕೆಳಗೆ ಸಹಿ ಮಾತ್ರ ಅವರದು.

ಬ್ಯಾಗಿನ ವಿಷಯಕ್ಕೂ ಕೈ ಹಾಕಿದರು. ವಿಮಾನಕ್ಕೆ ಲಗೇಜು ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿತ್ತು. ರಾಜ್ಯ ಸರ್ಕಾರದ 2019ರ ಆದೇಶದ ಪ್ರಕಾರ ಮೂರರಿಂದ ಐದನೇ ಕ್ಲಾಸಿನ ಮಕ್ಕಳ ಬ್ಯಾಗು ಎರಡರಿಂದ ಮೂರು ಕೆಜಿ ಇರಬೇಕು. ಕಂಡಕ್ಟರಿಣಿಯ ಬ್ಯಾಗು ಆರೂಕಾಲು ತೂಗಿತು. ತೆರೆದು ನೋಡಿದರೆ ಪುಸ್ತಕಗಳ ಜೊತೆ ಎರಡು ನೀರಿನ ಬಾಟಲಿ, ಅಂತಸ್ತಿನ ಟಿಫನ್ ಡಬ್ಬಿ, ಅದರ ಕೆಳಗೆ ಕನ್ಸರ್ವೆನ್ಸಿಯಲ್ಲಿ ಆರಿಸಿಕೊಂಡ ಒಂದು ಕೆಜಿಯಷ್ಟು ಚಂದದ ಕಲ್ಲುಗಳು. ಕಲ್ಲುಗಳ ಬಗ್ಗೆ ಸರ್ಕಾರಿ ಆದೇಶ ಮೌನವಾಗಿದೆ ಎಂದು ಅವಳು ವಾದಿಸಿದಳು.

ಸೈಕಲ್ಲಿನ ಪ್ರಕರಣ ಇಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ದೊಡ್ಡ ಕ್ಲಾಸಿನ ಹುಡುಗರಿಗೆ ಹಗ್ಗ ಹಿಡಿಯುವುದು ಅವಮಾನ. ಅವರಿಗೆ ರಾಯರು ಸೈಕಲ್ಲಿನ ಪುರಾಣ ಹೇಳಿದರು. ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದದ್ದು, ಡಬಲ್ ರೈಡಿಂಗಿಗೆ, ಡೈನಮೋ ಇಲ್ಲದ್ದಕ್ಕೆ ಪೊಲೀಸರು ಗಾಳಿ ಬಿಡುತ್ತಿದ್ದದ್ದು, 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಹಳ್ಳಿ ದಾರಿಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಬರುತ್ತಿದ್ದದ್ದು. 2017ರಲ್ಲಿ ಮೈಸೂರಿಗೇ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ತಾವೇ ಮೊದಲ ವಾರ ಕಾರ್ಡು ಮಾಡಿಸಿ ಅರಮನೆ ಸುತ್ತಿದ್ದು. ಹುಡುಗರು ಮರ್ಯಾದೆಯಿಂದ ಕೇಳಿದರು. ಎಲ್ಲರ ಮನೆಯಲ್ಲೂ ಗೇರಿನ ಸೈಕಲ್ ಇತ್ತು, ಗೇಟಿನ ಒಳಗೆ, ಧೂಳು ಹೊದ್ದು. ಕ್ರಾಸಿನ ಆಚೆ ಬಿಡುವುದಿಲ್ಲ, ಅಪಾಯ. ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ ಅದೇ ಹುಡುಗನಿಗೆ ಅದೇ ಅಪ್ಪ ಅಮ್ಮನ ಸ್ಕೂಟರಿನ ಕೀ ಕೊಡುತ್ತಾನೆ, ಅದು ಅಪಾಯವಲ್ಲ. ರಾಯರು ಅಂಥ ಒಬ್ಬ ಅಪ್ಪನನ್ನು ಹಿಡಿದು ನಿಲ್ಲಿಸಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಓದಿ ಹೇಳಿದರು. ಅಪ್ರಾಪ್ತ ಹುಡುಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

“ಗೊತ್ತು ಸಾರ್. ಏನ್ ಮಾಡೋದು, ಟ್ಯೂಷನ್ ದೂರ.”

“ಎಷ್ಟು ದೂರಾರೀ?”

“ನಿಮ್ಮನೆ ಹಿಂದಿನ ರಸ್ತೆ.”

ಸದ್ಯಕ್ಕೆ ಇಬ್ಬರು ಹುಡುಗರು ಮಾತ್ರ ಹೆಲ್ಮೆಟ್ಟು ಹಾಕಿಕೊಂಡು ಬಸ್ಸಿನ ಮುಂದೆ ಸೈಕಲ್ ತಳ್ಳಿಕೊಂಡು ಹೋಗುತ್ತಾರೆ. ಪೈಲಟ್ ವಾಹನ ಎಂದು ರಾಯರು ಅವರಿಗೆ ಪದನಾಮ ಕೊಟ್ಟ ಮೇಲೆ ಒಪ್ಪಿದ್ದು.

ಕಳೆದ ಆಷಾಢದ ಜಿಟಿಜಿಟಿ ಮಳೆಗೆ ರಾಯರಿಗೆ ನೆಗಡಿ ಹಿಡಿಯಿತು. ಹೆಂಡತಿ ಕಷಾಯ ಕುಡಿಸಿ ಮಲಗಿಸಿದರು. ತಮ್ಮ ಗೈರಿನಲ್ಲಿ ಬಸ್ಸು ರದ್ದಾಗಿ, ಎಲ್ಲರೂ ಕಾರು ಹತ್ತಿ, ಯೋಜನೆಯೇ ಮುಳುಗಿಹೋಗುತ್ತದೆ ಎಂದು ಅವರಿಗೆ ನಿದ್ದೆ ಬರಲಿಲ್ಲ. ಎಂಟೂಕಾಲಿಗೆ ಮಂಕಿ ಕ್ಯಾಪು ಹಾಕಿಕೊಂಡು ಛತ್ರಿ ಹಿಡಿದು ಬೂತಿಗೆ ಓಡಿದರು. ಅಲ್ಲಿ ಯಾರೂ ಇರಲಿಲ್ಲ. ಬಸ್ಸು ಎಂಟು ಹತ್ತಕ್ಕೇ ಹೊರಟುಹೋಯ್ತಲ್ಲ ಸಾರ್ ಎಂದ ಬೂತಿನವನು. ರಾಯರು ಏದುಸಿರು ಬಿಡುತ್ತ ಮೇನ್ ರೋಡು ತಲುಪುವ ಹೊತ್ತಿಗೆ ಹನ್ನೊಂದೂ ಮಕ್ಕಳು ರೇನ್‌ಕೋಟಿನಲ್ಲಿ ಆಚೆ ಬದಿ ಮುಟ್ಟಿದ್ದವು.

ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ರಾಯರು ಕಂಡಕ್ಟರಿಗೆ ಕಾರಣ ಕೇಳುವ ನೋಟಿಸು ಕೊಟ್ಟರು. ‘ಮೇಲಧಿಕಾರಿಗಳ ಗಮನಕ್ಕೆ ತಾರದೆ ವಾಹನವನ್ನು ಸ್ವೇಚ್ಛೆಯಾಗಿ ಹೊರಡಿಸಿರುವುದು ಕಂಡುಬಂದಿದ್ದು, ಮೂರು ದಿನದೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು.’

ಉತ್ತರ ಎರಡೇ ದಿನಕ್ಕೆ ಬಂತು. ಕಾಪಿ ಪುಸ್ತಕದ ಹಾಳೆ, ರಜಾ ಅರ್ಜಿಯ ನಮೂನೆ. ‘ಮಾನ್ಯರೇ, ಬಸ್ಸು ಯಾರಿಗೂ ಕಾಯಬಾರದು ಎಂದು ತಾವೇ ಹೇಳಿರುತ್ತೀರಿ. ತಾವು ಸ್ಟಾಪಿನಲ್ಲಿ ಇರಲಿಲ್ಲ. ನಾವು ಮುಖ ನೋಡಿ, ಕೈ ಅಡ್ಡ ಮಾಡಿ ದಾಟಿರುತ್ತೇವೆ. ಓಡಿರುವುದಿಲ್ಲ. ಆದ್ದರಿಂದ ತಾವು ರಜೆ ಹಾಕುವ ದಿನಗಳಂದು ಪೀಪಿಯನ್ನು ನನಗೆ ಕೊಡಬೇಕಾಗಿ ಕೇಳಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯ ಕಂಡಕ್ಟರ್.’

ರಾಯರು ಹಸಿರು ಇಂಕಿನಲ್ಲಿ ‘ಸಮಜಾಯಿಷಿ ಒಪ್ಪಿದೆ’ ಎಂದು ಬರೆದು ಸಹಿ ಹಾಕಿದರು. ಪೀಪಿಯ ಕೋರಿಕೆಯ ಎದುರಿಗೆ ‘ಚರ್ಚಿಸಿ’ ಎಂದು ಬರೆದರು. ಚರ್ಚಿಸಲು ಮನೆಯಲ್ಲಿರುವುದು ಹೆಂಡತಿ ಒಬ್ಬರೇ. ಅವರು ಕೊಟ್ಟುಬಿಡಿ, ಬೆಳಿಗ್ಗೆ ಎದ್ದು ಗಿಡಕ್ಕೆ ನೀರು ಹಾಕಿ ಎನ್ನುತ್ತಾರೆ. ಹಾಗಾಗಿ ಕಡತ ಇನ್ನೂ ರಾಯರ ಮೇಜಿನ ಮೇಲೇ ಇದೆ.