ಅಗ್ಗದ ಪೌಷ್ಟಿಕ ಊಟದ ಉಪದೇಶಕರಿಗೆ ಒಂದು ಬಹಿರಂಗ ಪತ್ರ

ವಿದ್ಯಾರ್ಥಿಗಳು ಕಡಿಮೆ ಖರ್ಚಿನಲ್ಲಿ ಕೈಯಾರೆ ಅಡುಗೆ ಮಾಡಿಕೊಂಡು ಆರೋಗ್ಯವಾಗಿರುವುದು ಹೇಗೆಂದು ಪತ್ರಿಕೆಗಳ ಪುರವಣಿಗಳಲ್ಲಿಯೂ ಮೊಬೈಲಿನ ವಿಡಿಯೊಗಳಲ್ಲಿಯೂ ಬಿಡುವಿಲ್ಲದೆ ಬೋಧಿಸುತ್ತಿರುವ ಮಾನ್ಯ ಆಹಾರತಜ್ಞರ ಸನ್ನಿಧಾನಕ್ಕೆ, ಯಾದಗಿರಿ, ಶಹಾಪುರ ಮತ್ತು ಸುರಪುರ ಪಟ್ಟಣಗಳ ಬಾಡಿಗೆ ಕೋಣೆಗಳಲ್ಲಿ ಮೂವರಿಗೆ ಒಂದು ಸ್ಟವ್, ಒಂದು ಕುಕ್ಕರ್ ಮತ್ತು ಎರಡು ತಟ್ಟೆಗಳನ್ನು ಇಟ್ಟುಕೊಂಡು ಓದುತ್ತಿರುವ ವಿದ್ಯಾರ್ಥಿ ಸಮುದಾಯದ ಪರವಾಗಿ ಸಲ್ಲಿಸುವ ವಿನಂತಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ಊಟದ ತಟ್ಟೆಯ ಅರ್ಧಭಾಗವನ್ನು ತರಕಾರಿ ಮತ್ತು ಹಣ್ಣುಗಳು ತುಂಬಬೇಕು, ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು ಮೊದಲಾದವು ಇರಬೇಕು, ಜೊತೆಗೆ ಹಾಲೋ ಮೊಸರೋ ಸೇರಬೇಕು. ಈ ವಿಧಿಗೆ ವಿದ್ಯಾರ್ಥಿಗಳ ತಕರಾರೇನೂ ಇಲ್ಲ. ಅವರ ತಟ್ಟೆಯ ಅರ್ಧಭಾಗ ಮೊದಲಿನಿಂದಲೂ ಖಾಲಿಯೇ ಇರುವುದರಿಂದ ತರಕಾರಿ ಬಂದರೆ ಜಾಗದ ಅಡಚಣೆಯೂ ಆಗದು.

ಇನ್ನು ಹಣದ ವಿಚಾರ. ಸರ್ಕಾರಿ ಹಾಸ್ಟೆಲಿನಲ್ಲಿ ಪ್ರವೇಶ ಸಿಗದ ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಯ ನೆರವು ನೀಡುವ ವಿದ್ಯಾಸಿರಿ ಯೋಜನೆ 2013-14ರಲ್ಲಿ ಆರಂಭವಾದಾಗ ನಿಗದಿಯಾದ ಮೊತ್ತ ತಿಂಗಳಿಗೆ 1,500 ರೂಪಾಯಿ, ಅದೂ ವರ್ಷದಲ್ಲಿ 10 ತಿಂಗಳಿಗೆ. ದಿನಕ್ಕೆ ಭಾಗಿಸಿದರೆ 50 ರೂಪಾಯಿ. ಅದರಲ್ಲಿಯೇ ಕೋಣೆಯ ಬಾಡಿಗೆಯೂ ಅಡಗಿದೆ. ಉಳಿದ ಎರಡು ತಿಂಗಳು ವಿದ್ಯಾರ್ಥಿಯ ಹೊಟ್ಟೆಯೂ ಕಾಲೇಜಿನೊಡನೆ ರಜೆಯ ಮೇಲೆ ಹೋಗುತ್ತದೆ ಎಂಬ ಶರೀರಶಾಸ್ತ್ರೀಯ ಸಂಶೋಧನೆಯನ್ನು ಯೋಜನೆ ಮಾಡಿದವರು ಎಲ್ಲಿಯೂ ಪ್ರಕಟಿಸದೆ ಸುಮ್ಮನಿರುವುದು ಅವರ ವಿನಯವನ್ನು ತೋರಿಸುತ್ತದೆ. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನ ದರವಾದರೋ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ಈ ಲೆಕ್ಕದಲ್ಲಿ ಮೂರು ಹೊತ್ತಿಗೆ 25 ರೂಪಾಯಿ ಸಾಕಾಗುವುದರಿಂದ, 50 ರೂಪಾಯಿಯ ವಿದ್ಯಾರ್ಥಿಯನ್ನು ಅನುಕೂಲಸ್ಥನೆಂದೇ ವರ್ಗೀಕರಿಸಬಹುದು; ಅವನು ಬೀದಿಯಲ್ಲಿ ಮಲಗಲು ಒಪ್ಪಬೇಕು, ಅಷ್ಟೆ.

ಮಾನ್ಯರ ಉಪದೇಶಗಳಲ್ಲಿ ಅತ್ಯಂತ ಜನಪ್ರಿಯವಾದುದು, ಅಕ್ಕಿಯನ್ನು ಬಿಟ್ಟು ಸಿರಿಧಾನ್ಯಗಳಿಗೆ ಮರಳಬೇಕೆಂಬುದು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಜೋಳಕ್ಕೂ ಆ ಪಂಕ್ತಿಯಲ್ಲಿ ಮಣೆ ಸಿಕ್ಕಿತು. ಎರೆ ಭೂಮಿಯ ತೇವವನ್ನೇ ನಂಬಿ ಹಿಂಗಾರಿಯಲ್ಲಿ ಬಿಳಿಜೋಳ ಬೆಳೆದು ತಲೆಮಾರುಗಳಿಂದ ರೊಟ್ಟಿ ಉಣ್ಣುತ್ತಿದ್ದ ಸೀಮೆಗೆ, ರೊಟ್ಟಿ ಉಣ್ಣಿರೆಂಬ ಸಲಹೆ ಬೆಂಗಳೂರಿನಿಂದ ಬಂದು ತಲುಪಿತು. ಅಷ್ಟರೊಳಗೆ ಇಲ್ಲಿ ಬೇರೆಯದೇ ನಡೆದಿತ್ತು. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ಹರಿದಾಗ, ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದ ಆ ನೀರಿನಲ್ಲಿ ಭತ್ತದ ಗದ್ದೆಗಳೆದ್ದವು. 2013ರಲ್ಲಿ ಬಡ ಕುಟುಂಬಗಳಿಗೆ ಪಡಿತರದಲ್ಲಿ ಅಕ್ಕಿ ನೀಡುವ ಅನ್ನಭಾಗ್ಯ ಯೋಜನೆ ಬಂದಿತು. 2024-25ನೇ ಸಾಲಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ, ಅಂದರೆ ರೈತನಿಗೆ ಖಾತರಿ ನೀಡುವ ಕನಿಷ್ಠ ಖರೀದಿ ದರ, ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,300 ರೂಪಾಯಿಯಾದರೆ ಮಾಲ್ದಂಡಿ ತಳಿಯ ಬಿಳಿಜೋಳಕ್ಕೆ 3,421 ರೂಪಾಯಿ. ರೈತನಿಗೆ ಇದು ನ್ಯಾಯವೇ. ಆದರೆ ಪಡಿತರದ ಅಕ್ಕಿ ದುಡ್ಡಿಲ್ಲದೆ ಊರಿನಿಂದ ಚೀಲದಲ್ಲಿ ಬರುವಾಗ, ಸಂತೆಯಲ್ಲಿ ಕಾಸು ಕೊಟ್ಟು ಜೋಳ ಕೊಳ್ಳುವ ವಿದ್ಯಾರ್ಥಿ ಬಡವನ ಊಟವನ್ನು ಮಾಡುತ್ತಿಲ್ಲ, ಶೋಕಿ ಮಾಡುತ್ತಿದ್ದಾನೆ.

ಕೊಂಡರೂ ಜೋಳ ತಾನಾಗಿ ರೊಟ್ಟಿಯಾಗುವುದಿಲ್ಲ. ಗೋಧಿ ಹಿಟ್ಟಿನ ಅಂಟು ಇದಕ್ಕಿಲ್ಲ. ಕುದಿಯುವ ಎಸರು ಹೊಯ್ದು ನಾದಿದಾಗ ಬರುವ ಜಿಗಿಯೊಂದೇ ಅದನ್ನು ಹಿಡಿದು ನಿಲ್ಲಿಸುತ್ತದೆ, ಹಿಟ್ಟು ಹಳತಾದರೆ ಆ ಜಿಗಿಯೂ ಹೋಗಿ ಬಡಿಯುವಾಗಲೇ ಅಂಚು ಸೀಳುತ್ತದೆ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಿ ಹಾಕಬೇಕು. ಐದು ನಿಮಿಷದ ಅಡುಗೆಯ ವಿಡಿಯೊಗಳಲ್ಲಿ ಈ ಕಲೆಗೆ ಸ್ಥಾನವಿಲ್ಲ. ಬೆಳಗಿನ ಜಾವದ ಬಡಿತಕ್ಕೆ ಮನೆ ಮಾಲೀಕರ ನಿದ್ದೆ ಕೆಡುತ್ತದೆಂಬುದು ಬೇರೆ ಮಾತು. ಕುಕ್ಕರಾದರೆ ನಾಲ್ಕು ಸೀಟಿ ಹಾಕಿ ಮುಗಿಸುತ್ತದೆ.

ಹಾಗಿದ್ದೂ ಕೋಣೆಗಳಲ್ಲಿ ರೊಟ್ಟಿ ಕಾಣಿಸುವುದಕ್ಕೆ ಕಾರಣ ಬುತ್ತಿ, ಅಂದರೆ ಹಳ್ಳಿಯ ಮನೆಯಿಂದ ಬಟ್ಟೆಯಲ್ಲಿ ಕಟ್ಟಿ ಬಸ್ಸಿನಲ್ಲಿ ಕಳುಹಿಸುವ ಊಟದ ಗಂಟು. ಅದರಲ್ಲಿ ಕಾಯಿಸಿ ಒಣಗಿಸಿದ್ದರಿಂದ ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ ಇರುತ್ತದೆ, ಹುರಿದ ಶೇಂಗಾವನ್ನು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನೊಡನೆ ಕುಟ್ಟಿದ ಹಿಂಡಿ ಇರುತ್ತದೆ, ಕೆಲವೊಮ್ಮೆ ಹುಳಿಸೊಪ್ಪಿಗೆ ಬೇಳೆ ಮತ್ತು ಜೋಳದ ನುಚ್ಚು ಹಾಕಿ ಬೇಯಿಸಿದ ಪುಂಡಿಪಲ್ಯವೂ ಇರುತ್ತದೆ. ಫ್ರಿಜ್ ಇಲ್ಲದ ಕೋಣೆಗೆ ಇದಕ್ಕಿಂತ ಜಾಣತನದ ಆಹಾರ ವ್ಯವಸ್ಥೆಯನ್ನು ಯಾವ ತಜ್ಞರೂ ಇದುವರೆಗೆ ಸೂಚಿಸಿಲ್ಲ. ಆದರೆ ಇದು ಅಗ್ಗವೆನ್ನಿಸುವುದು, ಹೊಲದ ಕೂಲಿ ಮುಗಿಸಿ ಬಂದ ತಾಯಿ ಒಲೆಯ ಮುಂದೆ ಕುಳಿತ ಹೊತ್ತಿಗೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ದರ ಬರೆಯದಿರುವುದರಿಂದ. ಮಾನ್ಯರು ಸ್ವಾವಲಂಬನೆಯೆಂದು ಹೊಗಳುವ ವಿದ್ಯಾರ್ಥಿಯ ಅಡುಗೆಯಲ್ಲಿ ಅರ್ಧ ಪಾಲು ಬೇರೊಬ್ಬರ ಬೆನ್ನುನೋವು. ಅಕ್ಕ ತಂಗಿಯರೂ ಪಟ್ಟಣಕ್ಕೆ ಓದಲು ಬಂದಿದ್ದರೆ, ರೊಟ್ಟಿ ಬಡಿಯುವ ಕೆಲಸ ಅವರ ಹಿಂದೆಯೇ ಕೋಣೆಗೂ ಬರುತ್ತದೆ. ಅಣ್ಣ ತಮ್ಮಂದಿರ ಪೌಷ್ಟಿಕತೆ ತಕ್ಷಣ ಸುಧಾರಿಸುತ್ತದೆ.

ಒಟ್ಟಿಗೆ ಕೊಂಡರೆ ಉಳಿತಾಯವೆಂಬ ಸೂತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಐದು ಲೀಟರ್ ಎಣ್ಣೆಗೆ ದುಡ್ಡಿಲ್ಲದವರೇ 10 ರೂಪಾಯಿಯ ಪೊಟ್ಟಣವನ್ನು ದುಬಾರಿ ದರಕ್ಕೆ ಕೊಳ್ಳುವವರು. ಆಲಿವ್ ಎಣ್ಣೆಯ ಪ್ರಸ್ತಾಪಕ್ಕೆ ಉತ್ತರಿಸುವುದನ್ನು ಸಭ್ಯತೆಯ ದೃಷ್ಟಿಯಿಂದ ಬಿಡಲಾಗಿದೆ.

ಆದ್ದರಿಂದ ಮುಂದಿನ ಉಪದೇಶವನ್ನು ಮುದ್ರಣಕ್ಕೆ ಕಳುಹಿಸುವ ಮೊದಲು ಮಾನ್ಯರು ಶಹಾಪುರದ ಯಾವುದಾದರೊಂದು ಕೋಣೆಯಲ್ಲಿ ಒಂದು ತಿಂಗಳು ಇದ್ದು, ಬಾಡಿಗೆ ಕೊಟ್ಟು, ಐದು ಕಿಲೋ ಸಿಲಿಂಡರ್ ತಿಂಗಳ ನಡುವೆ ಮುಗಿದ ರಾತ್ರಿ ತಟ್ಟೆಯ ಅರ್ಧಭಾಗಕ್ಕೆ ಹಣ್ಣು ತರಕಾರಿ ಹೊಂದಿಸಿ ತೋರಿಸಬೇಕಾಗಿ ಕೋರಲಾಗಿದೆ. ವಸತಿ, ಊಟದ ಖರ್ಚಿಗೆ ದಿನಕ್ಕೆ 50 ರೂಪಾಯಿ ಮಂಜೂರಾಗುತ್ತದೆ, ರಸೀದಿ ಕಡ್ಡಾಯ.

ಅಡಕ: ಖಡಕ್ ರೊಟ್ಟಿ ಎರಡು, ಶೇಂಗಾ ಹಿಂಡಿ ಒಂದು ಪೊಟ್ಟಣ, ಪೋಷಕಾಂಶ ಪರೀಕ್ಷೆಗಾಗಿ. ಪರೀಕ್ಷೆಯ ನಂತರ ಉಳಿದದ್ದನ್ನು ಹಿಂದಿರುಗಿಸತಕ್ಕದ್ದು.