ಅಡ್ವಾನ್ಸ್ ಇಳಿಸುವ ವಿಧಾನ: ಬಾಡಿಗೆದಾರರ ಕೈಪಿಡಿ

ಬೆಂಗಳೂರಿನ ಮನೆ ಮಾಲೀಕರ ಬಾಯಿಂದ ‘ಆಯ್ತು, ಸ್ವಲ್ಪ ಕಮ್ಮಿ ಮಾಡ್ಕೊಳ್ಳೋಣ’ ಎಂಬ ಮಾತು ಹೊರಡಿಸಲು ಈ ಕೈಪಿಡಿ. ಪೂರ್ತಿ ಓದಿ ಬಳಸಿ. ಟು-ಲೆಟ್ ಬೋರ್ಡಿನ ಮುಂದೆ ನಿಂತು ಮಾತ್ರ ಓದಬೇಡಿ. ಮಾಲೀಕರು ಮಹಡಿಯಿಂದ ನೋಡುತ್ತಿರುತ್ತಾರೆ.

ಬೇಕಾಗುವ ಸಾಮಗ್ರಿ: ಇಸ್ತ್ರಿ ಮಾಡಿದ ಅಂಗಿ, ಆಫೀಸಿನ ಗುರುತಿನ ಚೀಟಿ, ಸಿಕ್ಕರೆ ಒಬ್ಬರು ಅತ್ತೆ. ಬ್ಯಾಚುಲರ್‌ಗಳು ಅತ್ತೆಯ ಬದಲು ‘ಮುಂದಿನ ತಿಂಗಳು ಅಮ್ಮ ಬರ್ತಾರೆ’ ಎನ್ನಬಹುದು. ನಿಜವಿದ್ದರೆ ಮಾತ್ರ ಹೇಳಿ, ಮಾಲೀಕರು ಅಮ್ಮನ ದಾರಿ ಕಾಯುತ್ತಾರೆ.

ಮನೆ ನೋಡುವಾಗ ಹಿಗ್ಗಬೇಡಿ, ಹಳಿಯಲೂ ಬೇಡಿ. ಆ ಟೈಲ್ಸನ್ನು ಅವರೇ ಅಂಗಡಿ ಅಂಗಡಿ ಅಲೆದು ಆರಿಸಿ ತಂದಿದ್ದಾರೆ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದು ಕೇಳಿ, ‘ಓಹೋ’ ಎಂದು ನಿಲ್ಲಿಸಿ.

ಎಚ್ಚರಿಕೆ: ಕಾನೂನನ್ನು ಹೊರತೆಗೆಯಬೇಡಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುವುದು 2021ರ ಮಾದರಿ ಬಾಡಿಗೆ ಕಾಯ್ದೆ. ಅದು ಹೆಸರಿನಂತೆ ಮಾದರಿ. ರಾಜ್ಯ ತನ್ನದಾಗಿಸಿಕೊಳ್ಳದೆ ಅದಕ್ಕೆ ಬಲವಿಲ್ಲ. ಮಾಲೀಕರ ಕಿವಿಗಂತೂ ‘ಈತ ಕೋರ್ಟಿಗೆ ಹೋಗುವ ಗಿರಾಕಿ’ ಎಂದಷ್ಟೇ ಕೇಳಿಸುತ್ತದೆ. ಮರುಕ್ಷಣವೇ ಆ ಮನೆ ಅವರ ತಂಗಿಯ ಮಗನಿಗೆ ಕೊಟ್ಟಾಗಿರುತ್ತದೆ.

ಇನ್ನು ಅಡ್ವಾನ್ಸ್ ಎಂಬ ಯಂತ್ರದ ಒಳಭಾಗ. ಬಾಡಿಗೆ 20,000, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ ಎರಡು ಲಕ್ಷ ಎಂದಿಟ್ಟುಕೊಳ್ಳಿ. ಆ ಎರಡು ಲಕ್ಷ ಮಾಲೀಕರ ಕಪಾಟಿನಲ್ಲಿ ಮಲಗಿರುತ್ತದೆ ಎಂದು ನಂಬಿದ ಬಾಡಿಗೆದಾರ ಚೌಕಾಸಿಗೆ ನಾಲಾಯಕ್ಕು. ಹಿಂದಿನವರು ಕೊಟ್ಟದ್ದು ಮೇಲಿನ ಮಹಡಿಯ ಸೆಂಟ್ರಿಂಗ್‌ಗೋ ಮಗಳ ಮದುವೆಗೋ ಎಂದೋ ಹೋಗಿದೆ. ಖಾಲಿ ಮಾಡುವವರಿಗೆ ವಾಪಸ್ ಕೊಡಬೇಕಾದ್ದು ನೀವು ತರುವ ದುಡ್ಡಿನಿಂದ. ನೀವು ಕಮ್ಮಿ ಮಾಡಿ ಎಂದಾಗ ಮಾಲೀಕರು ಕೈಯಿಂದ ಹಾಕಬೇಕಾಗುತ್ತದೆ, ಅದಕ್ಕೇ ಮುಖ ಗಂಟಾಗುವುದು. ಅಂದರೆ ನಿಮ್ಮ ಚೌಕಾಸಿ ನಿಜಕ್ಕೂ ಇರುವುದು ಲಾರಿಗೆ ಫ್ರಿಜ್ ಏರಿಸುತ್ತಿರುವ ಆ ಹಳೆಯ ಬಾಡಿಗೆದಾರರ ಜೊತೆ.

ಎಷ್ಟು ಅಡ್ವಾನ್ಸ್ ಕೊಟ್ಟಿದ್ದರೆಂದು ಅವರನ್ನೇ ಕೇಳಿ, ಸಿಗದಿದ್ದರೆ ಬೀದಿಯ ಇಸ್ತ್ರಿ ಅಂಗಡಿಯಲ್ಲಿ ವಿಚಾರಿಸಿ. ಐದು ವರ್ಷದ ಹಿಂದೆ ಬಂದವರು 1,20,000 ಕೊಟ್ಟಿದ್ದರೆ, ಮಾಲೀಕರಿಗೆ ಈಗ ತುರ್ತಾಗಿ ಬೇಕಾದ್ದೂ ಅಷ್ಟೇ. ಆಗ ಹೀಗೆನ್ನಿ: ‘ಆರು ತಿಂಗಳದ್ದು ಕೊಡ್ತೀನಿ ಸಾರ್, ಅವರು ಖಾಲಿ ಮಾಡೋ ದಿನ ಬೆಳಗ್ಗೇನೇ ನಿಮ್ಮ ಅಕೌಂಟಿಗೆ ಬಂದಿರುತ್ತೆ.’ ಹೇಳಿ ಬಾಯಿ ಮುಚ್ಚಿಕೊಳ್ಳಿ. ಕಾಫಿ ಬಂದರೆ ಕುಡಿಯಿರಿ, ಮೊತ್ತವನ್ನು ಮಾತ್ರ ನೀವಾಗಿ ಏರಿಸಬೇಡಿ. ನಮ್ಮಲ್ಲಿ ಅರ್ಧ ಜನ ಸೋಲುವುದು ಈ ಮೌನ ತಡೆಯಲಾರದೆ.

‘ಮನೇಲಿ ಕೇಳಿ ಹೇಳ್ತೀನಿ’ ಎಂದರೆ ಯಂತ್ರ ಕೆಟ್ಟಿತೆಂದು ಭಾವಿಸಬೇಡಿ. ತೀರ್ಪು ಅಡುಗೆಮನೆಯಲ್ಲಾಗುತ್ತದೆ, ಅಲ್ಲಿಗೆ ನಿಮಗೆ ಪ್ರವೇಶವಿಲ್ಲ. ಅವರು ಒಳಗೆ ಹೋಗಿ ಒಪ್ಪಿಸಲು ಸುಲಭವಾದ ಒಂದೇ ಸಾಲು ಕೊಟ್ಟು ಕಳಿಸಿ: ‘ಹಳಬರಿಗೆ ಅವತ್ತೇ ಕೊಟ್ಟು ಕಳಿಸಬಹುದು.’ ನಿಮ್ಮ ಇಎಂಐ, ಮಗುವಿನ ಶಾಲೆಯ ಫೀಸು ಆ ಬಾಗಿಲು ದಾಟುವುದಿಲ್ಲ.

ಒಪ್ಪಿದರೆ ಕರಾರು ಪತ್ರ ಹನ್ನೊಂದು ತಿಂಗಳಿಗೆ ಬರುತ್ತದೆ. ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು. ಆ ತಾಪತ್ರಯ ಇಬ್ಬರಿಗೂ ಬೇಡ. ಹಿಗ್ಗಿನಲ್ಲಿ ಸಹಿ ಹಾಕಬೇಡಿ, ಕೊನೆಯ ಪುಟ ತಿರುವಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು ಎಂಬ ಸಾಲು ಅಲ್ಲಿರುತ್ತದೆ. ನೀವು ಬೆವರಿಳಿಸಿ ಉಳಿಸಿದ 80,000 ಹೇಗಿದ್ದರೂ ವಾಪಸ್ ಬರುತ್ತಿದ್ದ ಹಣ. ಶೇಕಡಾ 6ರ ಬಡ್ಡಿಯಲ್ಲಿ ವರ್ಷಕ್ಕೆ 4,800 ರೂಪಾಯಿ ಲಾಭ. ಪೇಂಟಿಂಗ್‌ನ 20,000 ತಿರುಗಿ ಬಾರದು. ಚೌಕಾಸಿಯನ್ನು ಆ ಸಾಲಿನಿಂದಲೇ ಶುರು ಮಾಡಿ.