ಓಎಸ್ ಇಲ್ಲದ ಲ್ಯಾಪ್‌ಟಾಪ್ ಬಾಯಿಬಿಟ್ಟಾಗ

ಬಿಳಿಗೆರೆಯಲ್ಲಿ ಸೇವಾ ಕೇಂದ್ರ ತೆರೆಯುವ ಹುಮ್ಮಸ್ಸಿನಲ್ಲಿ ಒಬ್ಬ ಹುಡುಗ ಹೊಸ ಲ್ಯಾಪ್‌ಟಾಪ್ ಕೊಂಡ. ಓಎಸ್ ಬೇಡವೆಂದರೆ ಕೆಲವು ಸಾವಿರ ಉಳಿಯುತ್ತದೆ ಎಂದರು. ಬೇಡವೆಂದ. ಆ ಲ್ಯಾಪ್‌ಟಾಪ್ ನಡುಮನೆಯಲ್ಲಿ ಮಾತಿಗೆ ಸಿಕ್ಕಿತು.

ಪ್ರಶ್ನೆ: ಊರಿಗೆ ಬಂದ ದಿನ ಮರ್ಯಾದೆ ಹೇಗಿತ್ತು?

ಲ್ಯಾಪ್‌ಟಾಪ್: ಏನೂ ಕಡಿಮೆ ಮಾಡಲಿಲ್ಲ ಸ್ವಾಮಿ. ಕುಂಕುಮ ಇಟ್ಟರು, ಕಾಯಿ ಒಡೆದರು. ನೀರು ಕೀಬೋರ್ಡಿಗೆ ಸಿಡಿಯಲಿಲ್ಲ, ನನ್ನ ಪುಣ್ಯ. ಆಮೇಲೆ ಅಜ್ಜ ನನ್ನನ್ನೆತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ತಿಂಗಳುಗಟ್ಟಲೆ ಅಟ್ಟದಲ್ಲಿದ್ದ ಕಾಯಿ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅನ್ನಬೇಕಲ್ಲ, ಆ ಪರೀಕ್ಷೆ. ನಾನು ಸದ್ದೇ ಮಾಡಲಿಲ್ಲ. “ಇದಿನ್ನೂ ಆಗಿಲ್ಲ” ಅಂತ ಕೆಳಗಿಟ್ಟರು. ಆ ಮನೆಯಲ್ಲಿ ನನ್ನ ಸ್ಥಿತಿ ತಿಳಿದವರು ಅವರೊಬ್ಬರೇ.

ಪ್ರಶ್ನೆ: ಒಳಗೆ ಏನೂ ಇರಲಿಲ್ಲವೇ?

ಲ್ಯಾಪ್‌ಟಾಪ್: ಫ್ರೀಡಾಸ್ ಇತ್ತು. ಎಂಎಸ್-ಡಾಸ್ ಕಾಲ ಮುಗೀತು ಅಂತ ಸುದ್ದಿಯಾದಾಗ, 1994ರಲ್ಲಿ ಅಮೆರಿಕದ ಜಿಮ್ ಹಾಲ್ ಅನ್ನೋ ವಿದ್ಯಾರ್ಥಿ ಶುರು ಮಾಡಿದ್ದು. ಮರ್ಯಾದಸ್ಥ ಕೆಲಸ. ನನ್ನೊಳಗೆ ಅದನ್ನ ಇಟ್ಟಿದ್ದು ಮಾತ್ರ ಪೂರ್ತಿ ಖಾಲಿ ಅನ್ನಿಸದಿರಲಿ ಅಂತ. ಕಪ್ಪು ಪರದೆ, “ಸಿ” ಅಂತ ಒಂದಕ್ಷರ, ಪಕ್ಕದಲ್ಲಿ ಮಿಟುಕೋ ಗೆರೆ. ಹುಡುಗನ ತಾಯಿ ನೋಡಿ “ಕೆಟ್ಟೋಗಿದೆ, ವಾಪಸ್ ಕೊಟ್ ಬಾ” ಅಂದರು.

ಪ್ರಶ್ನೆ: ಆಮೇಲೆ ಲಿನಕ್ಸ್ ಹಾಕಿದರಂತೆ?

ಲ್ಯಾಪ್‌ಟಾಪ್: ಅದೇ ಸುಖದ ಕಾಲ ಕಣ್ರೀ. ಬಹುಪಾಲು ಡ್ರೈವರ್‌ಗಳು ಕರ್ನಲ್ ಜೊತೆಗೇ ಬರ್ತವೆ. ಸೌಂಡ್ ಬಂತು, ವೈಫೈ ಬಂತು, ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆನೂ ಬಂತು. ಒಂದು ಪೈಸೆ ಖರ್ಚಿಲ್ಲ.

ಪ್ರಶ್ನೆ: ಮತ್ತೇಕೆ ಬಿಟ್ಟಿರಿ?

ಲ್ಯಾಪ್‌ಟಾಪ್: ಸೇವಾ ಕೇಂದ್ರ ಅಂದ ಮೇಲೆ ಹೆಬ್ಬೆಟ್ಟಿನ ಯಂತ್ರ ಬೇಕಲ್ಲ. ಅದಕ್ಕೊಂದು ಡ್ರೈವರ್, ಅದರ ಮೇಲೆ ಹೆಬ್ಬೆಟ್ಟನ್ನ ಆಧಾರ್‌ಗೆ ಭದ್ರವಾಗಿ ಕಳಿಸೋಕೆ ಆರ್‌ಡಿ ಸರ್ವಿಸ್ ಅನ್ನೋ ತಂತ್ರಾಂಶ. ಹುಡುಗ ತಂದ ಯಂತ್ರದ ಡಬ್ಬಿ ಮೇಲೆ ವಿಂಡೋಸ್, ಆಂಡ್ರಾಯ್ಡ್ ಅಂತ ಎರಡೇ ಹೆಸರು. ಪುಕ್ಕಟೆ ಓಎಸ್‌ಗೆ ಡ್ರೈವರ್ ಬರೆಯೋಕೆ ಆ ಯಂತ್ರ ಮಾಡಿದವರಿಗೆ ಪುರುಸೊತ್ತಿಲ್ಲ. ಉಳಿಸಿದ ದುಡ್ಡು ವಿಂಡೋಸ್‌ಗೇ ಹೋಯ್ತು.

ಪ್ರಶ್ನೆ: ಅಲ್ಲಿಗೆ ಕಷ್ಟ ಮುಗಿಯಿತು?

ಲ್ಯಾಪ್‌ಟಾಪ್: ಶುರುವಾಯ್ತು ಅನ್ನಿ. ಮೊದಲಿಗೆ ನನ್ನ ಡಿಸ್ಕೇ ಅದಕ್ಕೆ ಕಾಣಲಿಲ್ಲ. ಇಂಟೆಲ್‌ನ ವಿಎಂಡಿ ಡ್ರೈವರನ್ನ ಪೆನ್‌ಡ್ರೈವಲ್ಲಿ ತಂದು ತೋರಿಸಬೇಕಾಯ್ತು. ಟಚ್‌ಪ್ಯಾಡ್ ಮಿಸುಕಲಿಲ್ಲ, ಹುಡುಗ ಟ್ಯಾಬ್ ಕೀಲಿ ಕುಟ್ಟಿ ಕುಟ್ಟಿ ಮುಂದೆ ಹೋದ. ಕೊನೆಗೆ ವಿಂಡೋಸ್ 11 “ಇಂಟರ್ನೆಟ್ ಜೋಡಿಸಿದರೇ ಮುಂದಿನ ಮಾತು” ಅಂತ ಹಟ ಹಿಡೀತು. ಜೋಡಿಸೋಕೆ ವೈಫೈ ಡ್ರೈವರ್ ಬೇಕು. ಅದಿರೋದು ಇಂಟರ್ನೆಟ್ಟಲ್ಲಿ. ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ!

ಪ್ರಶ್ನೆ: ಬಗೆಹರಿದದ್ದು?

ಲ್ಯಾಪ್‌ಟಾಪ್: ಫೋನಿಂದ. ಕೇಬಲ್ ಸಿಕ್ಕಿಸಿ ಯುಎಸ್‌ಬಿ ಟೆಥರಿಂಗ್ ಒತ್ತಿದರೆ ಫೋನೇ ನೆಟ್‌ವರ್ಕ್ ಕಾರ್ಡ್. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸಲ್ಲೇ ಇರುತ್ತೆ. ಸಿಗ್ನಲ್ಲಿಗೆ ನನ್ನನ್ನ ತೋಟದ ಕಡೆ ಕಿಟಕಿಗೆ ಹೊತ್ತುಕೊಂಡು ಹೋದರು. ಈಗ ಡಿವೈಸ್ ಮ್ಯಾನೇಜರಲ್ಲಿ ಹಳದಿ ಗುರುತು ಒಂದೂ ಇಲ್ಲ.

ಪ್ರಶ್ನೆ: ಮೊದಲ ಗಿರಾಕಿ ಯಾರು?

ಲ್ಯಾಪ್‌ಟಾಪ್: ಅಜ್ಜನೇ. ಇ-ಕೆವೈಸಿ ಆಗದೆ ಪಿಎಂ ಕಿಸಾನ್ ಯೋಜನೆಯ 2000 ರೂಪಾಯಿ ಕಂತು ನಿಂತಿತ್ತು. ಯಂತ್ರ ಬೆಳಗ್ತು, ಹೆಬ್ಬೆಟ್ಟು ಒತ್ತಿದರು. ಬಲಗೈ, ಎಡಗೈ, ಪಂಚೆಗೆ ಒರೆಸಿ, ನೀರಲ್ಲಿ ಅದ್ದಿ. ಊಹೂಂ. ಜೀವಮಾನವೆಲ್ಲ ಕಾಯಿ ಸುಲಿದ ಕೈ, ಗೆರೆ ಉಳಿದಿದ್ದರಲ್ಲವೇ?

ಪ್ರಶ್ನೆ: ಹಾಗಾದರೆ ಕಂತು ಹೋಯಿತೇ?

ಲ್ಯಾಪ್‌ಟಾಪ್: ಎಲ್ಲಿ ಸ್ವಾಮಿ! ಪಿಎಂ ಕಿಸಾನ್ ಆಪಲ್ಲಿ ಮುಖ ತೋರಿಸಿದರೆ ಸಾಕು ಅನ್ನೋ ವ್ಯವಸ್ಥೆ 2023ರಿಂದಲೇ ಇದೆಯಂತೆ. ಪಕ್ಕದ ಮನೆ ಹುಡುಗಿ ಹೇಳಿದಳು. ಕೇಬಲ್ ಕಿತ್ತು, ಅದೇ ಫೋನಲ್ಲಿ ಅಜ್ಜನ ಮುಖ ಹಿಡಿದರು. ಆಗೇಹೋಯ್ತು. ಇತ್ತ ನನ್ನ ಅಪ್‌ಡೇಟ್ ಅರ್ಧಕ್ಕೆ ನಿಂತಿದೆ, ಕೇಳೋರಿಲ್ಲ. ನಿಮ್ಮ ಫೋನಲ್ಲಿ ನೆಟ್ ಇದೆಯಾ?